ವೀಗನ್ ಆಹಾರ ಶುರು ಮಾಡುವವರಿಗೆ: ಏನು ತಿನ್ನಬೇಕು, ಹೇಗೆ ಹುಡುಕಬೇಕು, ಯಾವ ಕ್ರಮದಲ್ಲಿ ಬದಲಿಸಬೇಕು

ವೀಗನ್ ಆಹಾರ, ಅಂದರೆ ಪ್ರಾಣಿಗಳಿಂದ ಬರುವ ಯಾವುದೂ ಇಲ್ಲದ ಆಹಾರ, ಶುರು ಮಾಡಿ ಸ್ವಲ್ಪ ದಿನದಲ್ಲೇ ಕೈಬಿಟ್ಟವರ ಬಾಯಲ್ಲಿ ಮತ್ತೆ ಮತ್ತೆ ಬರುವುದು ಎರಡು ಮಾತು: ‘ತಿನ್ನೋಕೆ ಏನೂ ಸಿಗ್ತಿರಲಿಲ್ಲ’, ‘ಸುಸ್ತಾಗ್ತಿತ್ತು’. ಎರಡಕ್ಕೂ ಸಾಮಾನ್ಯವಾಗಿ ಬೇರು ಒಂದೇ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಮೊದಲ ದಿನವೇ ತಟ್ಟೆಯಿಂದ ಹೋಗುತ್ತವೆ. ಆ ಜಾಗಕ್ಕೆ ಏನು ಬರಬೇಕೆಂದು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಉಳಿದದ್ದು ಅನ್ನ ಅಥವಾ ಬ್ರೆಡ್, ಜೊತೆಗೊಂದಿಷ್ಟು ತರಕಾರಿ. ತಿಂದ ಎರಡೇ ಗಂಟೆಯಲ್ಲಿ ಹಸಿವು, ಮೂರನೇ ವಾರಕ್ಕೆ ಬೇಸರ.

ಆದ್ದರಿಂದ ಇಲ್ಲಿ ಹೇಳುವ ಕ್ರಮ ಮುಖ್ಯ. ಮೊದಲು ಹುಡುಕಿ, ಅಡುಗೆ ಮಾಡಿ ನೋಡಿ, ನಾಲಿಗೆಗೆ ಹಿಡಿಸಿದ ಮೇಲೆ ಹಳೆಯದನ್ನು ತೆಗೆಯಿರಿ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಅದರಲ್ಲೂ ಎರಡನೇ ಹಂತವನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡಲೇಬೇಡಿ.

ಶುರು ಮಾಡುವ ಮುನ್ನ: ಯಾರು ವೈದ್ಯರನ್ನು ಕೇಳಬೇಕು

ಆರೋಗ್ಯವಂತ ವಯಸ್ಕರು ಈ ಮಾರ್ಗದರ್ಶಿಯನ್ನು ನೇರವಾಗಿ ಅನುಸರಿಸಬಹುದು. ಕೆಲವರು ಮಾತ್ರ ಮೊದಲು ವೈದ್ಯರ ಅಥವಾ ಆಹಾರ ತಜ್ಞರ ಬಳಿ ಮಾತಾಡಬೇಕು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಮಕ್ಕಳಿಗೆ ಈ ಆಹಾರ ಕೊಡಬೇಕೆಂದಿರುವವರು, ಮೂತ್ರಪಿಂಡದ ಕಾಯಿಲೆ ಇರುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ಈ ಗುಂಪಿಗೆ ಸೇರುತ್ತಾರೆ.

ಮಾತ್ರೆ ತೆಗೆದುಕೊಳ್ಳುವವರೂ ಗಮನ ಕೊಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ನಡೆಯುತ್ತಿದ್ದರೆ, ಊಟ ಬದಲಾದಂತೆ ಔಷಧದ ಪ್ರಮಾಣವೂ ಬದಲಾಗಬೇಕಾಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಏಕೆಂದರೆ ಸೊಪ್ಪಿನ ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ಕುಗ್ಗಿಸುತ್ತದೆ. ಥೈರಾಯ್ಡ್ ಮಾತ್ರೆಯ ಹೀರಿಕೆಗೆ ಸೋಯಾ ಅಡ್ಡ ಬರುತ್ತದೆ. ಎರಡರ ನಡುವೆ ಎಷ್ಟು ಗಂಟೆ ಅಂತರ ಬೇಕೆಂದು ಮಾತ್ರೆ ಬರೆದುಕೊಟ್ಟವರನ್ನೇ ಕೇಳಿ.

ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲು ಅಥವಾ ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ ಬದಲಿಗೆ ಬಾದಾಮಿ, ಅಕ್ಕಿ, ಓಟ್ಸ್ ಹಾಲು ಕೊಡುವುದು ಅಪಾಯ. ಇದರಲ್ಲಿ ರಿಯಾಯಿತಿ ಇಲ್ಲ.

ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ಪ್ರೆಶರ್ ಕುಕ್ಕರ್ ಅಥವಾ ದಪ್ಪ ತಳದ ದೊಡ್ಡ ಪಾತ್ರೆ, ಮಿಕ್ಸಿ, ಅಡುಗೆ ತಕ್ಕಡಿ (ಮೊದಲ ಎರಡು ವಾರಕ್ಕೆ ಮಾತ್ರ, ಆಮೇಲೆ ಕಣ್ಣಳತೆ ಬರುತ್ತದೆ), ಕಾಳು ನೆನೆಸಲು ಎರಡು ಬೋಗುಣಿ, ಬೇಯಿಸಿದ್ದನ್ನು ಫ್ರೀಜರ್‌ನಲ್ಲಿಡಲು ಮುಚ್ಚಳದ ಡಬ್ಬಿಗಳು. ದುಬಾರಿ ಪ್ರೋಟೀನ್ ಪುಡಿ, ವಿಶೇಷ ಯಂತ್ರ ಯಾವುದೂ ಈ ಹಂತದಲ್ಲಿ ಅಗತ್ಯವಿಲ್ಲ.

ಹಂತ 1: ಈಗ ತಿನ್ನುತ್ತಿರುವುದನ್ನು ಒಂದು ವಾರ ಬರೆದಿಡಿ

ಏನನ್ನೂ ಬದಲಿಸದೆ, ಏಳು ದಿನ ತಿಂದದ್ದು ಕುಡಿದದ್ದು ಎಲ್ಲವನ್ನೂ ಬರೆಯಿರಿ. ನಂತರ ಪಟ್ಟಿಯನ್ನು ಮೂರು ಭಾಗ ಮಾಡಿ. ಈಗಲೇ ವೀಗನ್ ಆಗಿರುವ ಊಟ-ತಿಂಡಿ ಒಂದು ಕಡೆ. ಒಂದು ಸಾಮಗ್ರಿ ಬದಲಿಸಿದರೆ ವೀಗನ್ ಆಗುವಂಥವು, ಅಂದರೆ ಬೆಣ್ಣೆಯ ಜಾಗದಲ್ಲಿ ಎಣ್ಣೆ, ಹಾಲಿನ ಜಾಗದಲ್ಲಿ ಸೋಯಾ ಹಾಲು ಸಾಕೆನಿಸುವಂಥವು ಇನ್ನೊಂದು ಕಡೆ. ಪೂರ್ತಿ ಬೇರೆಯದೇ ಅಡುಗೆ ಬೇಕಾಗುವಂಥವು ಮೂರನೇ ಕಡೆ.

ಈ ಕೆಲಸ ಬೇಸರದ್ದು, ನಿಜ. ಆದರೂ ಬಿಡಬೇಡಿ. ಮೊದಲ ಭಾಗದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಹೆಸರುಗಳು ಸಿಗುವುದೇ ಸಾಮಾನ್ಯ. ಈಗಾಗಲೇ ನಾಲಿಗೆಗೆ ಒಗ್ಗಿರುವ, ಕೈಗೆ ಬರುವ ಅಡುಗೆ ಅದು. ಮೊದಲ ತಿಂಗಳು ನಿಮ್ಮನ್ನು ಕೈಹಿಡಿದು ನಡೆಸುವುದು ಆ ಅಡುಗೆಯೇ. ಹೊಸ ರೆಸಿಪಿಗಳ ರಾಶಿಯಿಂದ ಆ ಕೆಲಸ ಆಗುವುದಿಲ್ಲ.

ಪ್ರಾಣಿಜನ್ಯ ಪದಾರ್ಥ ಇರುವ ಕಡೆಯಲ್ಲೆಲ್ಲ ಅಂದಾಜು ಪ್ರಮಾಣ ಬರೆಯಿರಿ: ದಿನಕ್ಕೆ ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ, ಹೀಗೆ. ಮೂರನೇ ಹಂತದ ಲೆಕ್ಕಕ್ಕೆ ಇದು ಬೇಕು.

ಹಂತ 2: ಬಿ12 ಮೊದಲ ದಿನದಿಂದಲೇ

ಬೇರೆಲ್ಲ ಪೋಷಕಾಂಶಗಳನ್ನೂ ಸಸ್ಯಗಳಿಂದ ಅಥವಾ ಬಿಸಿಲಿನಿಂದ ಹೇಗೋ ಹೊಂದಿಸಬಹುದು. ವಿಟಮಿನ್ ಬಿ12 ಮಾತ್ರ ಆಗುವುದಿಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಂಬಬಹುದಾದ ಪ್ರಮಾಣದಲ್ಲಿ ಅದು ಇರುವ ಸಸ್ಯಾಹಾರ ಇಲ್ಲ. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯಲ್ಲಿ ಇದೆ ಎನ್ನುತ್ತಾರೆ. ಅದರಲ್ಲಿರುವುದರ ಬಹುಪಾಲು ಮನುಷ್ಯನ ದೇಹಕ್ಕೆ ಕೆಲಸ ಮಾಡದ ರೂಪ. ತೊಳೆಯದ ತರಕಾರಿಯಿಂದಾಗಲಿ, ಹುದುಗು ಬರಿಸಿದ ಆಹಾರದಿಂದಾಗಲಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಆರೋಗ್ಯ ನಿಲ್ಲಿಸಬೇಡಿ.

ಮೂರು ದಾರಿಗಳಲ್ಲಿ ಒಂದನ್ನು ಆರಿಸಿ:

1. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಇರುವ ಮಾತ್ರೆ.
2. ವಾರಕ್ಕೆ ಒಟ್ಟು 2000 ಮೈಕ್ರೋಗ್ರಾಂ ಆಗುವಷ್ಟು ಮಾತ್ರೆ.
3. ಬಿ12 ಸೇರಿಸಿದ ಸಸ್ಯಹಾಲು, ಸೀರಿಯಲ್, ನ್ಯೂಟ್ರಿಷನಲ್ ಯೀಸ್ಟ್ (ಚೀಸ್‌ನಂಥ ರುಚಿಯ ಒಣ ಯೀಸ್ಟ್) ಮುಂತಾದವನ್ನು ದಿನಕ್ಕೆ ಎರಡು ಮೂರು ಸಲ ತಿಂದು, ಒಟ್ಟು 3 ಮೈಕ್ರೋಗ್ರಾಂ ತಲುಪುವುದು.

ವಯಸ್ಕರ ದೈನಂದಿನ ಅಗತ್ಯ ಸುಮಾರು 2.4 ಮೈಕ್ರೋಗ್ರಾಂ. ಹಾಗಿದ್ದರೆ ವಾರಕ್ಕೆ 2000 ಏಕೆ? ಒಂದು ಹೊತ್ತಿಗೆ ಹೊಟ್ಟೆಯ ಸಹಜ ವ್ಯವಸ್ಥೆ ಹೀರಿಕೊಳ್ಳುವುದು ಒಂದೂವರೆ ಎರಡು ಮೈಕ್ರೋಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚು ಕೊಟ್ಟರೆ ಮಿಕ್ಕಿದ್ದರಲ್ಲಿ ಶೇಕಡಾ ಒಂದರಷ್ಟು ಒಳಸೇರುತ್ತದೆ. ಸಲ ಕಡಿಮೆಯಾದಷ್ಟೂ ಪ್ರಮಾಣ ಹೆಚ್ಚಬೇಕು. ಮೂರನೇ ದಾರಿ ಹಿಡಿದವರು ದಿನಗಳನ್ನು ತಪ್ಪಿಸುವುದುಂಟು. ಮರೆವು ಇರುವವರಿಗೆ ಮಾತ್ರೆಯೇ ಸುರಕ್ಷಿತ.

ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ತೋರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ‘ಆರು ತಿಂಗಳಾಯಿತು, ಏನೂ ಆಗಿಲ್ಲ’ ಎನ್ನುವುದು ಕೊರತೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಇನ್ನೊಂದು ಸಂಗತಿ: ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳವಾಗಿರುತ್ತದೆ. ಫೋಲೇಟ್ ಹೆಚ್ಚಿದ್ದಾಗ ಬಿ12 ಕೊರತೆಯಿಂದ ಬರುವ ರಕ್ತಹೀನತೆ ಕಾಣಿಸದೇ ಹೋಗಬಹುದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಹಂತ 3: ತೆಗೆದದ್ದು ಏನು ಕೆಲಸ ಮಾಡುತ್ತಿತ್ತೋ ನೋಡಿ, ಬದಲಿ ಆರಿಸಿ

ಬಣ್ಣ, ಹೆಸರು, ಆಕಾರ ನೋಡಿ ಬದಲಿ ಹುಡುಕುವುದು ಅತಿ ಸಾಮಾನ್ಯ ತಪ್ಪು. ಬಿಳಿಯಾಗಿದೆ, ಡಬ್ಬದ ಮೇಲೆ ಹಾಲು ಎಂದಿದೆ, ಸಾಕು ಎಂದುಕೊಳ್ಳುತ್ತಾರೆ. ಲೆಕ್ಕ ನೋಡೋಣ. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 300 ಕ್ಯಾಲೊರಿ, 16 ಗ್ರಾಂ ಪ್ರೋಟೀನ್, 600 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಷ್ಟೇ ಪ್ರಮಾಣದ ಸಕ್ಕರೆರಹಿತ ಬಾದಾಮಿ ಹಾಲಿನಲ್ಲಿ ಎರಡು ಮೂರು ಗ್ರಾಂ ಪ್ರೋಟೀನ್, ನೂರಕ್ಕೂ ಕಡಿಮೆ ಕ್ಯಾಲೊರಿ. ಕ್ಯಾಲ್ಸಿಯಂ ಬೇರೆಯಾಗಿ ಸೇರಿಸದಿದ್ದರೆ ಅದೂ ಅತ್ಯಲ್ಪ. ಕಾಫಿಗೆ ಬಣ್ಣ ಬಂತು, ಹೊಟ್ಟೆಗೆ ಏನೂ ಬರಲಿಲ್ಲ. ಸೋಯಾ ಹಾಲು ಮಾತ್ರ ಪ್ರೋಟೀನ್‌ನಲ್ಲಿ ಹಸುವಿನ ಹಾಲಿಗೆ ಹತ್ತಿರ, 100 ಮಿಲಿಲೀಟರ್‌ಗೆ 3ರಿಂದ 3.5 ಗ್ರಾಂ.

*ಹಾಲಿಗೆ:* ದಿನನಿತ್ಯ ಕುಡಿಯಲು ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ, ಸಕ್ಕರೆ ಇಲ್ಲದ ಸೋಯಾ ಹಾಲು. ಪೊಟ್ಟಣದ ಮೇಲೆ 100 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೇ ನೋಡಿ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಇಳಿಯುತ್ತದೆ, ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಕಾಫಿಗೆ ಓಟ್ಸ್ ಹಾಲಿನ ರುಚಿ ಹಿಡಿಸಿದರೆ ಬಳಸಿ, ಆದರೆ ಪ್ರೋಟೀನ್ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ಕಾಫಿಯಲ್ಲಿ ಸೋಯಾ ಹಾಲು ಒಡೆಯುವುದು ಆಮ್ಲ ಮತ್ತು ಬಿಸಿ ಒಟ್ಟಿಗೆ ತಗುಲುವುದರಿಂದ. ಹಾಲನ್ನು ಬೆಚ್ಚಗೆ ಮಾಡಿ, ಲೋಟಕ್ಕೆ ಮೊದಲು ಅದನ್ನೇ ಹಾಕಿ, ಅದರ ಮೇಲೆ ಕಾಫಿಯನ್ನು ನಿಧಾನಕ್ಕೆ ಸುರಿಯಿರಿ.

*ಮೊಸರಿಗೆ:* ಸಸ್ಯಹಾಲುಗಳಲ್ಲಿ ಮನೆಯಲ್ಲಿ ಸರಿಯಾಗಿ ಹೆಪ್ಪುಗಟ್ಟುವುದು ಸೋಯಾ ಹಾಲು, ಅದರ ಪ್ರೋಟೀನ್ ಕಾರಣದಿಂದ. ತೆಂಗಿನ ಹಾಲಿನ ಮೊಸರು ಗಟ್ಟಿಯಾಗಿ ಕಂಡರೂ ಅದು ಬಹುಪಾಲು ಕೊಬ್ಬು.

*ಮೊಟ್ಟೆಗೆ:* ಮೊಟ್ಟೆ ಎಲ್ಲಿ ಏನು ಮಾಡುತ್ತಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೇಕು, ಬಿಸ್ಕತ್ತಿನಲ್ಲಿ ಹಿಟ್ಟು ಹಿಡಿದಿಡಲು ಒಂದು ಮೊಟ್ಟೆಗೆ ಒಂದು ಟೇಬಲ್ ಚಮಚ ಅಗಸೆಬೀಜದ ಪುಡಿ, ಮೂರು ಟೇಬಲ್ ಚಮಚ ನೀರು. ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ನೊರೆ ಬರಿಸಲು ಕಡಲೆಕಾಳು ಬೇಯಿಸಿದ ಗಟ್ಟಿ ನೀರು, ಒಂದು ಮೊಟ್ಟೆಗೆ ಮೂರು ಟೇಬಲ್ ಚಮಚ. ಬೆಳಗಿನ ಹೊಟ್ಟೆ ತುಂಬಿಸುವ ತಿಂಡಿಯಾಗಿದ್ದರೆ ಪುಡಿ ಮಾಡಿದ ತೋಫು (ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ ಪನೀರ್‌ನಂಥದ್ದು) ಅಥವಾ ಕಡಲೆಹಿಟ್ಟು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. 50 ಗ್ರಾಂ ಗಟ್ಟಿ ತೋಫು ಅದಕ್ಕೆ ಸಮ.

*ಮಾಂಸ, ಮೀನಿಗೆ:* ಕಾಳು, ಬೇಳೆ, ತೋಫು, ಟೆಂಪೆ (ಹುದುಗಿಸಿದ ಸೋಯಾಬೀನ್ ಗಟ್ಟಿ), ಸೋಯಾ ಚಂಕ್ಸ್. ಅಣಬೆ, ಹಲಸು, ಬದನೆ ಬಾಯಿಗೆ ಮಾಂಸದಂತೆ ಸಿಗಬಹುದು, ಪ್ರೋಟೀನ್ ಮಾತ್ರ ಬಹಳ ಕಡಿಮೆ. ಅವುಗಳನ್ನು ಬಳಸಿದ ದಿನ ಜೊತೆಗೊಂದು ಕಾಳು ಇರಲಿ.

*ಬೆಣ್ಣೆ, ತುಪ್ಪಕ್ಕೆ:* ಎಣ್ಣೆ ಸಾಕು. ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ.

*ಚೀಸ್‌ಗೆ:* ಅಂಗಡಿಯ ವೀಗನ್ ಚೀಸ್‌ಗಳಲ್ಲಿ ಹಲವು ತೆಂಗಿನೆಣ್ಣೆ ಮತ್ತು ಪಿಷ್ಟದಿಂದಾದವು; ಪ್ರೋಟೀನ್ ಇರುವುದೇ ಇಲ್ಲವೆನ್ನಬಹುದು. ಮೊದಲ ವಾರವೇ ಅದನ್ನು ತಿಂದು ಮೊದಲಿನ ಚೀಸ್‌ಗೆ ಹೋಲಿಸಿದರೆ ನಿರಾಶೆ ಖಚಿತ. ಒಂದು ತಿಂಗಳು ಬಿಟ್ಟು ರುಚಿ ನೋಡಿ.

ಹಂತ 4: ಮನೆಯಲ್ಲಿ ಏನೇನು ದಾಸ್ತಾನು ಇರಬೇಕು

ಹಸಿದಾಗ ಕೈಗೆ ಸಿಗುವುದನ್ನೇ ತಿನ್ನುತ್ತೇವೆ. ಹಾಗಾಗಿ ಮೊದಲ ಖರೀದಿಯಲ್ಲೇ ಈ ಎಲ್ಲ ಗುಂಪುಗಳೂ ಬರಲಿ.

ಕಾಳು ಮತ್ತು ಸೋಯಾ ಗುಂಪಿನಿಂದ ಮೂರು ಬಗೆ: ಬೇಗ ಬೇಯುವ ಬೇಳೆ ಒಂದು, ನೆನೆಸಿ ಬೇಯಿಸುವ ಕಾಳು ಒಂದು, ತಕ್ಷಣಕ್ಕೆ ಆಗುವ ತೋಫು ಅಥವಾ ಸೋಯಾ ಚಂಕ್ಸ್ ಒಂದು. ಬೇಯಿಸಿದ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 9 ಗ್ರಾಂ ಪ್ರೋಟೀನ್, ಬೇಯಿಸಿದ ಸೋಯಾಬೀನ್‌ನಲ್ಲಿ ಅದರ ಎರಡರಷ್ಟು. ಒಣ ಸೋಯಾ ಚಂಕ್ಸ್‌ನ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ, ಆದರೆ ನೀರು ಹೀರಿದ ಮೇಲೆ ಅದೇ ತೂಕಕ್ಕೆ ಬಹಳ ಕಡಿಮೆ. ಪೊಟ್ಟಣದ ಮೇಲಿನ ಅಂಕಿ ಒಣ ತೂಕದ್ದೋ ಬೇಯಿಸಿದ್ದರದ್ದೋ ನೋಡಿಕೊಳ್ಳದೆ ಲೆಕ್ಕ ಹಾಕಿ ತಪ್ಪುವವರು ಬಹಳ.

ಧಾನ್ಯದ ಗುಂಪಿಗೆ ಅಕ್ಕಿ, ಗೋಧಿ, ಓಟ್ಸ್, ಸಿರಿಧಾನ್ಯ, ಜೋಳ, ಯಾವುದು ಒಗ್ಗುತ್ತದೋ ಅದು; ಸಾಧ್ಯವಾದಷ್ಟೂ ತವುಡು ತೆಗೆಯದ್ದು. ಬೀಜಗಳಲ್ಲಿ ಶೇಂಗಾ, ಬಾದಾಮಿ, ವಾಲ್‌ನಟ್, ಎಳ್ಳು, ಕುಂಬಳಬೀಜ, ಅಗಸೆ. ತರಕಾರಿಯಲ್ಲಿ ಒಂದು ಹಸಿರು ಸೊಪ್ಪು, ಒಂದು ಕೆಂಪು ಅಥವಾ ಕಿತ್ತಳೆ ಬಣ್ಣದ್ದು, ಜೊತೆಗೆ ಫ್ರೀಜರ್‌ನಲ್ಲಿಟ್ಟ ಬಟಾಣಿ. ಹಣ್ಣಿನಲ್ಲಿ ಕಿತ್ತಳೆ, ಸೀಬೆ, ನಿಂಬೆಯಂಥ ವಿಟಮಿನ್ ಸಿ ಇರುವುದೊಂದು.

ರುಚಿಯ ಗುಂಪನ್ನು ಮರೆಯಬೇಡಿ. ಊಟ ಸಪ್ಪೆ ಎನಿಸುವುದಕ್ಕೆ ಮಾಂಸ, ಚೀಸ್‌ಗಳಲ್ಲಿದ್ದ ಖಾರವೂ ಅಲ್ಲದ ಹುಳಿಯೂ ಅಲ್ಲದ ಆಳವಾದ ರುಚಿ ಕಾಣೆಯಾದದ್ದೇ ಕಾರಣ. ಸೋಯಾ ಸಾಸ್, ಒಣಗಿಸಿದ ಅಣಬೆ, ಚೆನ್ನಾಗಿ ಬಾಡಿಸಿದ ಟೊಮೆಟೊ, ಕೆಂಪಗೆ ಹುರಿದ ಈರುಳ್ಳಿ, ನ್ಯೂಟ್ರಿಷನಲ್ ಯೀಸ್ಟ್ ಆ ಜಾಗ ತುಂಬುತ್ತವೆ.

ಉಪ್ಪು ಅಯೋಡಿನ್ ಸೇರಿಸಿದ್ದೇ ಆಗಿರಲಿ. ಹಾಲು, ಮೀನು ಬಿಟ್ಟಾಗ ಅಯೋಡಿನ್‌ನ ದೊಡ್ಡ ಮೂಲಗಳೇ ಹೋಗುತ್ತವೆ. ಕಲ್ಲುಪ್ಪು, ಸಮುದ್ರದ ಉಪ್ಪುಗಳಲ್ಲಿ ಸಾಮಾನ್ಯವಾಗಿ ಅದು ಸಾಕಷ್ಟಿರುವುದಿಲ್ಲ. ಬದಲಿಗೆ ಕೆಲ್ಪ್ ಎಂಬ ಸಮುದ್ರಪಾಚಿಯ ಪುಡಿ ತಿನ್ನುವುದು ಇನ್ನೊಂದು ತುದಿಯ ತಪ್ಪು. ಅದರಲ್ಲಿ ಅಯೋಡಿನ್ ಎಷ್ಟಿರುತ್ತದೆ ಎಂಬುದು ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುತ್ತದೆ, ಹೆಚ್ಚಾದರೆ ಥೈರಾಯ್ಡ್ ಕೆಡುತ್ತದೆ.

ಹಂತ 5: ಕಾಳು ಬೇಯಿಸುವುದನ್ನು ಸರಿಯಾಗಿ ಕಲಿಯಿರಿ

ಈ ಒಂದು ಕೌಶಲ ಕೈಗೆ ಬಂದರೆ ಅರ್ಧ ಸಮಸ್ಯೆ ಮುಗಿಯಿತು. ಗಟ್ಟಿ ಕಾಳು, ಹೊಟ್ಟೆ ಉಬ್ಬರ, ಪ್ರತಿದಿನ ಒಂದೂವರೆ ಗಂಟೆ ಅಡುಗೆ, ಈ ಮೂರಕ್ಕೇ ಜನ ಸೋಲುವುದು.

1. ಕಾಳನ್ನು ಆರಿಸಿ ತೊಳೆದು, ಮೂರು ಪಟ್ಟು ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ. ಸೆಕೆಗಾಲದಲ್ಲಿ ಫ್ರಿಜ್‌ನಲ್ಲಿಟ್ಟು ನೆನೆಸಿ, ಇಲ್ಲದಿದ್ದರೆ ಹುಳಿ ಬರುತ್ತದೆ. ಒಡೆದ ಬೇಳೆಗೆ ನೆನೆಸುವುದು ಕಡ್ಡಾಯವಲ್ಲ.
2. ನೆನೆಸಿದ ನೀರು ಚೆಲ್ಲಿ. ಹೊಟ್ಟೆಯಲ್ಲಿ ಗಾಳಿ ಎಬ್ಬಿಸುವ ಸಕ್ಕರೆಗಳಲ್ಲಿ ಒಂದು ಪಾಲು ಅದರೊಂದಿಗೆ ಹೋಗುತ್ತದೆ.
3. ಹೊಸ ನೀರಿನಲ್ಲಿ ಬೇಯಿಸಿ. ಬೆರಳುಗಳ ನಡುವೆ ಒತ್ತಿದರೆ ನಡುಭಾಗವೂ ಮೆತ್ತಗೆ ಹಿಸುಕಬೇಕು. ಹಲ್ಲಿಗೆ ಸಿಗುವ ಕಾಳು ಹೊಟ್ಟೆಗೂ ಭಾರ.
4. ಟೊಮೆಟೊ, ಹುಣಸೆ, ನಿಂಬೆ ಕಾಳು ಪೂರ್ತಿ ಬೆಂದ ಮೇಲೆ ಮಾತ್ರ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಉಪ್ಪು ಮೊದಲೇ ಹಾಕಿದರೆ ತೊಂದರೆಯಿಲ್ಲ.
5. ಒಂದು ಲೋಟ ಒಣ ಕಾಳು ಬೆಂದರೆ ಎರಡೂವರೆಯಿಂದ ಮೂರು ಲೋಟ ಆಗುತ್ತದೆ. ವಾರಕ್ಕೆ ಎರಡು ಸಲ ಹೆಚ್ಚಾಗಿ ಬೇಯಿಸಿ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಫ್ರೀಜರ್‌ನಲ್ಲಿ ಕೆಲವು ತಿಂಗಳು ಇರುತ್ತದೆ.

ಇಷ್ಟು ಮಾಡಿಯೂ ಬೇಯದಿದ್ದರೆ ಕಾಳು ತೀರಾ ಹಳೆಯದು, ಇಲ್ಲವೇ ನೀರು ಗಡುಸು. ಚಿಟಿಕೆ ಅಡುಗೆ ಸೋಡಾ ಸಹಾಯ ಮಾಡುತ್ತದೆ. ಆದರೆ ಅದು ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ, ಅಭ್ಯಾಸ ಮಾಡಿಕೊಳ್ಳಬೇಡಿ.

ರಾಜ್ಮಾ ವಿಷಯದಲ್ಲಿ ಎಚ್ಚರ. ಹಸಿ ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಆಮೇಲೆ ಭೇದಿ ಆಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ. ಹತ್ತು ನಿಮಿಷದ ಕುದಿ ಕನಿಷ್ಠ. ಅರ್ಧ ಗಂಟೆ ಕುದಿಸಿದರೆ ನಿಶ್ಚಿಂತೆ. ಕುದಿಬಿಂದು ಮುಟ್ಟದ ನಿಧಾನ ಕುಕ್ಕರ್‌ಗೆ ಹಸಿ ರಾಜ್ಮಾ ಹಾಕಲೇಬೇಡಿ. ಅರೆಬೆಂದ ರಾಜ್ಮಾ ಹಸಿಯದಕ್ಕಿಂತಲೂ ಕೆಟ್ಟದ್ದಾಗಬಲ್ಲದು. ಮೊಳಕೆ ಬರಿಸಿ ಹಸಿಯಾಗಿ ತಿನ್ನುವುದೂ ಬೇಡ.

ಕಾಳು ಅಭ್ಯಾಸವಿಲ್ಲದ ಹೊಟ್ಟೆಗೆ ದಿನಕ್ಕೆ ಕಾಲು ಲೋಟ ಬೇಯಿಸಿದ ಬೇಳೆಯಿಂದ ಶುರು ಮಾಡಿ. ಪ್ರತಿ ವಾರ ಸ್ವಲ್ಪ ಹೆಚ್ಚಿಸುತ್ತಾ ಒಂದು ತಿಂಗಳಲ್ಲಿ ಒಂದೂವರೆ ಲೋಟಕ್ಕೆ ಬನ್ನಿ. ಅಷ್ಟರವರೆಗೆ ತೋಫು, ಸೋಯಾ ಹಾಲು ಹೆಚ್ಚಿರಲಿ, ಅವು ಹೊಟ್ಟೆಗೆ ಹಗುರ. ನಾರಿನಂಶ ಏರಿದಂತೆ ನೀರೂ ಏರಬೇಕು, ಇಲ್ಲದಿದ್ದರೆ ಮಲಬದ್ಧತೆ.

ಹಂತ 6: ತಟ್ಟೆ ಕಟ್ಟುವ ಕ್ರಮ

ಪ್ರತಿ ಊಟ ಯೋಚಿಸುವಾಗ ಮೊದಲ ಪ್ರಶ್ನೆ ‘ಪ್ರೋಟೀನ್ ಯಾವುದು?’ ಎಂದಿರಲಿ. ಕಾಳು, ತೋಫು, ಬೇಳೆಯಲ್ಲಿ ಒಂದನ್ನು ಗೊತ್ತು ಮಾಡಿ. ಎರಡನೆಯದು ಧಾನ್ಯ ಅಥವಾ ಗೆಡ್ಡೆ. ಆಮೇಲೆ ತರಕಾರಿ, ಕೊನೆಗೆ ಒಂದು ಹಿಡಿ ಬೀಜ ಅಥವಾ ಸ್ವಲ್ಪ ಎಣ್ಣೆ. ತರಕಾರಿಯಿಂದ ಶುರು ಮಾಡಿದವರು ಹಸಿದೇ ಉಳಿಯುತ್ತಾರೆ: 100 ಗ್ರಾಂ ಸೊಪ್ಪು, ಸೌತೆ, ಟೊಮೆಟೊದಲ್ಲಿ 15ರಿಂದ 30 ಕ್ಯಾಲೊರಿ ಇದ್ದರೆ, ಅಷ್ಟೇ ಬೇಯಿಸಿದ ಕಡಲೆಕಾಳಿನಲ್ಲಿ 160ರ ಆಸುಪಾಸು.

ಪ್ರೋಟೀನ್ ಗುರಿಯನ್ನು ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಂ ಎಂದಿಟ್ಟುಕೊಳ್ಳಿ. ಸಾಮಾನ್ಯ ಶಿಫಾರಸು 0.8 ಗ್ರಾಂ, ಸಸ್ಯ ಪ್ರೋಟೀನ್ ಜೀರ್ಣವಾಗುವುದು ತುಸು ಕಡಿಮೆಯಾದ್ದರಿಂದ ಈ ಹೆಚ್ಚುವರಿ. 60 ಕಿಲೋ ತೂಕದವರ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಓಟ್ಸ್, 250 ಮಿಲಿಲೀಟರ್ ಸೋಯಾ ಹಾಲು, 20 ಗ್ರಾಂ ಶೇಂಗಾ: 21 ಗ್ರಾಂ. ಮಧ್ಯಾಹ್ನ 200 ಗ್ರಾಂ ಬೇಯಿಸಿದ ಕಾಳು, 200 ಗ್ರಾಂ ಅನ್ನ, ತರಕಾರಿ: 22 ಗ್ರಾಂ. ರಾತ್ರಿ 120 ಗ್ರಾಂ ಗಟ್ಟಿ ತೋಫು, 60 ಗ್ರಾಂ ಗೋಧಿಹಿಟ್ಟಿನಿಂದ ಮಾಡಿದ್ದು, ಸೊಪ್ಪು: 21 ಗ್ರಾಂ. ಒಟ್ಟು 64. ಯಾವ ಪುಡಿಯೂ ಬೇಕಾಗಲಿಲ್ಲ.

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಎರಡೂ ಒಂದೇ ತುತ್ತಿನಲ್ಲಿ ಇರಬೇಕಿಲ್ಲ, ಒಂದೇ ದಿನದಲ್ಲಿದ್ದರೆ ಸಾಕು. ಕಾಳೇ ಇಲ್ಲದೆ ದಿನಗಟ್ಟಲೆ ಅನ್ನ, ತರಕಾರಿ, ಹಣ್ಣಿನ ಮೇಲೆ ನಡೆದರೆ ಕೊರತೆ ಬೀಳುವುದು ಇಲ್ಲೇ.

*ಕಬ್ಬಿಣ.* ಸಸ್ಯಗಳ ಕಬ್ಬಿಣ ಸುಲಭವಾಗಿ ಹೀರಿಕೆಯಾಗುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಕಾಳಿನ ಮೇಲೆ ನಿಂಬೆ ಹಿಂಡಿ, ಇಲ್ಲವೇ ಊಟದ ಜೊತೆ ಸೀಬೆ, ಕಿತ್ತಳೆ ತಿನ್ನಿ. ಕಾಫಿ, ಚಹಾ ಊಟದೊಂದಿಗೆ ಬೇಡ, ಒಂದು ಗಂಟೆಯಾದರೂ ಅಂತರವಿರಲಿ. ರಕ್ತಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ; ಹೆಚ್ಚಾದ ಕಬ್ಬಿಣವೂ ಹಾನಿ ಮಾಡುತ್ತದೆ.

*ಕ್ಯಾಲ್ಸಿಯಂ.* ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ. ಪಾಲಕ್‌ನಲ್ಲಿ ಇದೆಯೆಂದು ಅದನ್ನೇ ನಂಬಬೇಡಿ: ಆಕ್ಸಲೇಟ್ ಹಿಡಿದಿಟ್ಟುಕೊಳ್ಳುವುದರಿಂದ ಅದರ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ಸಿಗುವುದು ಶೇಕಡಾ ಐದರಷ್ಟೇ. ಕೇಲ್, ಬಾಕ್ ಚಾಯ್‌ನಂಥ ಎಲೆಕೋಸಿನ ಜಾತಿಯ ಸೊಪ್ಪುಗಳಿಂದ ಅರ್ಧದಷ್ಟು ಸಿಗುತ್ತದೆ. ತೋಫು ಕೊಳ್ಳುವಾಗ ಸಾಮಗ್ರಿ ಪಟ್ಟಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಇದೆಯೇ ನೋಡಿ. ಅದರಿಂದ ಹೆಪ್ಪುಗಟ್ಟಿಸಿದ ತೋಫುವಿನಲ್ಲಿ ಕ್ಯಾಲ್ಸಿಯಂ ಬಹಳ ಹೆಚ್ಚು. ನಿಗಾರಿ (ಹೆಪ್ಪುಗಟ್ಟಿಸುವ ಮೆಗ್ನೀಸಿಯಂ ಲವಣ) ಎಂದಿದ್ದರೆ ಕಡಿಮೆ.

*ಒಮೆಗಾ 3.* ದಿನಕ್ಕೆ ಒಂದು ಟೇಬಲ್ ಚಮಚ ಅಗಸೆಬೀಜದ ಪುಡಿ ಸಾಕು. ಇಡೀ ಬೀಜ ಬಹುಪಾಲು ಹಾಗೆಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಪುಡಿ ಬೇಗ ಕಮಟುತ್ತದೆ. ಒಂದು ವಾರಕ್ಕಾಗುವಷ್ಟು ಮಾತ್ರ ಮಾಡಿ ಫ್ರಿಜ್‌ನಲ್ಲಿಡಿ. ಮೀನಿನಲ್ಲಿ ಸಿಗುವ ಡಿಎಚ್‌ಎ ಎಂಬ ಒಮೆಗಾ 3 ಬೇಕೆನಿಸಿದರೆ ಪಾಚಿಯ ಎಣ್ಣೆಯ ಮಾತ್ರೆಗಳಿವೆ.

*ಸತು.* ಕಾಳು, ಕುಂಬಳಬೀಜ, ಓಟ್ಸ್‌ಗಳಲ್ಲಿದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಅದರ ಹೀರಿಕೆಗೆ ಅಡ್ಡವಾಗುವ ಫೈಟೇಟ್ ಅನ್ನು ತಗ್ಗಿಸುತ್ತವೆ.

*ವಿಟಮಿನ್ ಡಿ.* ಬಿಸಿಲು ಸಾಲದವರು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನಿಂದ ತೆಗೆದ ಡಿ3 ಅಥವಾ ಡಿ2 ಎಂದು ಬರೆದದ್ದನ್ನು ಕೇಳಿ ಪಡೆಯಿರಿ.

ಹಂತ 7: ಪೊಟ್ಟಣ ಓದುವುದು

ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ನೇರ ಹಿಂಭಾಗಕ್ಕೆ ಹೋಗಿ. ಮೊದಲು ಅಲರ್ಜಿ ಸೂಚನೆ ನೋಡಿ. ಹಾಲು, ಮೊಟ್ಟೆ, ಮೀನು ಇದ್ದರೆ ಅಲ್ಲೇ ಎದ್ದು ಕಾಣುತ್ತದೆ, ಪಟ್ಟಿ ಓದುವ ಕೆಲಸವೇ ಇಲ್ಲ. ಇಲ್ಲದಿದ್ದರೆ ಸಾಮಗ್ರಿ ಪಟ್ಟಿ ಓದಿ.

ಹಾಲಿನ ಮರೆಮಾತುಗಳು: ಕೇಸಿನ್, ಕೇಸಿನೇಟ್, ವ್ಹೇ, ಲ್ಯಾಕ್ಟೋಸ್, ಮಿಲ್ಕ್ ಸಾಲಿಡ್ಸ್. ಮೊಟ್ಟೆಯದು: ಆಲ್ಬುಮಿನ್. ಮೂಳೆ, ಚರ್ಮದಿಂದ ಬರುವುದು ಜೆಲಟಿನ್. ಜೆಲ್ಲಿ ಮಿಠಾಯಿ ಮತ್ತು ಮಾತ್ರೆಗಳ ಹೊರಕವಚದಲ್ಲಿ ಹೆಚ್ಚಾಗಿ ಇರುತ್ತದೆ. ಕೀಟಗಳಿಂದ ಬರುವವು ಕಾರ್ಮೈನ್ ಎಂಬ ಕೆಂಪು ಬಣ್ಣ (ಪಟ್ಟಿಯಲ್ಲಿ ಅದರ ಸಂಕೇತ ಇ120), ಅರಗಿನ ಹೊಳಪು ಶೆಲ್ಲ್ಯಾಕ್ (ಇ904), ಜೇನುಮೇಣ (ಇ901). ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಇ471 ಗಿಡದಿಂದಲೂ ಪ್ರಾಣಿಯಿಂದಲೂ ಬರಬಹುದು, ತಯಾರಕರನ್ನೇ ಕೇಳಬೇಕು.

ಮೂರು ಮಾತು ಹೆಚ್ಚು ಜನರನ್ನು ದಾರಿ ತಪ್ಪಿಸುತ್ತವೆ. ‘ಸಸ್ಯಾಹಾರಿ’ ಎಂದಿದ್ದರೆ ಹಾಲು, ಜೇನು ಇರಬಹುದು. ‘ಲ್ಯಾಕ್ಟೋಸ್ ಇಲ್ಲ’ ಎಂದರೆ ಅದು ಹಾಲೇ, ಒಂದು ಸಕ್ಕರೆ ಮಾತ್ರ ಒಡೆದಿರುತ್ತದೆ. ‘ನಾನ್ ಡೈರಿ’ ಎಂದ, ಕಾಫಿಗೆ ಬೆರೆಸುವ ಕ್ರೀಮರ್ ಪುಡಿಗಳಲ್ಲೂ ಕೇಸಿನೇಟ್ ಇರುವುದುಂಟು. ಇನ್ನು ‘ಹಾಲಿನ ಕುರುಹು ಇರಬಹುದು’ ಎಂಬುದು ಅದೇ ಕಾರ್ಖಾನೆಯಲ್ಲಿ ಹಾಲಿನ ಪದಾರ್ಥವೂ ತಯಾರಾಗುತ್ತದೆ ಎಂಬ ಸೂಚನೆ. ಅಲರ್ಜಿ ಇರುವವರಿಗೆ ಅದು ಅಪಾಯ. ಉಳಿದವರು ತಮ್ಮ ತೀರ್ಮಾನ ತಾವೇ ಮಾಡಬಹುದು.

ಬ್ರೆಡ್, ಬಿಸ್ಕತ್ತು, ಮಸಾಲೆ ಚಿಪ್ಸ್, ಡಾರ್ಕ್ ಚಾಕೊಲೇಟ್, ನೂಡಲ್ಸ್, ಪುಡಿ ಸೂಪ್ ಇವುಗಳನ್ನು ನೋಡದೆ ಕೊಳ್ಳಬೇಡಿ. ಒಪ್ಪಿಗೆಯಾದವುಗಳ ಫೋಟೋ ಫೋನಿನಲ್ಲಿಟ್ಟುಕೊಂಡರೆ ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಓದಿ, ಸಾಮಗ್ರಿ ಬದಲಾಗುತ್ತಿರುತ್ತದೆ.

ಹಂತ 8: ಒಂದೊಂದೇ ಹೊತ್ತು ಬದಲಿಸಿ

ಮೊದಲ ವಾರ ಬೆಳಗಿನ ತಿಂಡಿ ಮಾತ್ರ. ಎರಡು ಬಗೆ ಸಾಕು, ಅದನ್ನೇ ತಿರುಗಿಸಿ ಮಾಡಿ. ಎರಡನೇ ವಾರ ಮಧ್ಯಾಹ್ನದ ಊಟ, ಮೂರನೆಯದರಲ್ಲಿ ರಾತ್ರಿಯದು, ನಾಲ್ಕನೆಯದರಲ್ಲಿ ಕುರುಕಲು, ಕಾಫಿ, ಹೊರಗಿನ ಊಟ. ಪ್ರತಿ ವಾರ ಹೊಸ ಪದಾರ್ಥ ಒಂದು, ಹೆಚ್ಚೆಂದರೆ ಎರಡು. ಹತ್ತು ಹೊಸದನ್ನು ಒಟ್ಟಿಗೆ ತಂದರೆ ಯಾವುದು ಹೊಟ್ಟೆಗೆ ಆಗಲಿಲ್ಲ, ಯಾವುದು ರುಚಿಸಲಿಲ್ಲ ಎಂಬುದೇ ತಿಳಿಯುವುದಿಲ್ಲ.

ತೋಫು ಮೊದಲ ಸಲ ಹಲವರಿಗೆ ಹಿಡಿಸದಿರುವುದಕ್ಕೆ ಅದರಲ್ಲಿರುವ ನೀರು ಕಾರಣ. ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರವಿಟ್ಟು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಉಪ್ಪು, ಹುಳಿ, ಖಾರದಲ್ಲಿ ನೆನೆಸಿ ಹೊರಮೈ ಕೆಂಪಾಗುವವರೆಗೆ ಹುರಿಯಿರಿ. ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಕರಗಿಸಿ, ಹಿಂಡಿದರೆ ಸ್ಪಂಜಿನಂತಾಗಿ ಮಸಾಲೆ ಚೆನ್ನಾಗಿ ಹೀರುತ್ತದೆ. ಹೀಗೆ ಮಾಡಿ ನೋಡದೆ ತೋಫು ಆಗುವುದಿಲ್ಲ ಎಂದು ತೀರ್ಮಾನಿಸಬೇಡಿ.

ಹಂತ 9: ಹೊರಗೆ ತಿನ್ನುವಾಗ

‘ವೀಗನ್ ಇದೆಯಾ?’ ಎಂದು ಕೇಳಿದರೆ ಹೌದು ಎಂಬ ಉತ್ತರ ಬೇಗ ಬರುತ್ತದೆ, ಅರ್ಥ ಬೇರೆಯಾಗಿರುತ್ತದೆ. ಪದಾರ್ಥದ ಹೆಸರು ಹಿಡಿದು ಕೇಳಿ: ಇದರಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ, ಮೊಟ್ಟೆ ಇದೆಯೇ? ಸೂಪ್‌ನ ನೀರು ಮೂಳೆ ಬೇಯಿಸಿದ್ದೇ? ಕೊನೆಗೆ ಮೇಲೆ ಬೆಣ್ಣೆ ಹಾಕುತ್ತೀರಾ? ಸಾಸ್‌ನಲ್ಲಿ ಮೀನು ಇದೆಯೇ? ಸಾಧ್ಯವಾದರೆ ಹೊರಡುವ ಮೊದಲೇ ಫೋನ್ ಮಾಡಿ, ಜನಜಂಗುಳಿ ಇಲ್ಲದ ಹೊತ್ತಿನಲ್ಲಿ.

ಚೀಲದಲ್ಲಿ ಹುರಿಗಡಲೆ, ಬೀಜಗಳು, ಹಣ್ಣು ಇಟ್ಟುಕೊಳ್ಳಿ. ಪ್ರಯಾಣದಲ್ಲಿ ಸಿಕ್ಕಿದ್ದು ತಿನ್ನಬೇಕಾದ ಪರಿಸ್ಥಿತಿ ಬಾರದಿರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಎಚ್ಚರಿಕೆಯ ಗುರುತುಗಳು

ಮೊದಲೆರಡು ವಾರ ಹೊಟ್ಟೆ ಉಬ್ಬರ, ಮಲದಲ್ಲಿ ವ್ಯತ್ಯಾಸ ಸಹಜ. ಕಾಳು ಕಡಿಮೆ ಮಾಡಿ ಮತ್ತೆ ನಿಧಾನಕ್ಕೆ ಏರಿಸಿದರೆ ಸರಿಹೋಗುತ್ತದೆ. ಸಂಜೆ ಹೊತ್ತು ತಲೆಸುತ್ತು, ಸಿಡುಕು, ಸಿಹಿ ಬೇಕೆನಿಸುವುದು ಬಹುಮಟ್ಟಿಗೆ ಕ್ಯಾಲೊರಿ ಸಾಲದ ಲಕ್ಷಣ. ಪೋಷಕಾಂಶದ ಮಾತ್ರೆ ಹುಡುಕುವ ಮೊದಲು ಮಧ್ಯಾಹ್ನದ ಅನ್ನ, ಕಾಳು, ಬೀಜ ಹೆಚ್ಚಿಸಿ ನೋಡಿ. ತೂಕ ಇಳಿಸುವ ಉದ್ದೇಶವಿಲ್ಲದೆಯೂ ವಾರವಾರವೂ ಇಳಿಯುತ್ತಿದ್ದರೆ ಇದೇ ಕಾರಣ ಇರಬಹುದು. ಊಟ ಹೆಚ್ಚಿಸಿದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಮೆಟ್ಟಿಲು ಹತ್ತುವಾಗ ಏದುಸಿರು, ಬಿಳಿಚಿಕೊಂಡ ಕಣ್ಣಿನ ಒಳರೆಪ್ಪೆ, ಉದುರುವ ಕೂದಲು ಕಂಡರೆ ಕಬ್ಬಿಣದ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದೇ ಸಾಲದು, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಬೇಕು. ಕೈಕಾಲುಗಳಲ್ಲಿ ಜುಮ್ಮೆನ್ನುವುದು, ಮರಗಟ್ಟುವುದು, ನಾಲಿಗೆ ಕೆಂಪಾಗಿ ಉರಿಯುವುದು, ನಡೆಯುವಾಗ ತೂಗಾಡುವುದು, ಮರೆವು ಹೆಚ್ಚುವುದು ಬಿ12 ಕೊರತೆಯ ಗುರುತುಗಳು. ಇವು ಕಂಡರೆ ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಿಕೊಂಡು ಕಾಯಬೇಡಿ, ಅದೇ ವಾರ ವೈದ್ಯರನ್ನು ಕಾಣಿ. ನರಗಳಿಗಾದ ಹಾನಿ ತಡವಾದಷ್ಟೂ ವಾಪಸಾಗುವುದು ಕಷ್ಟ.

ಶುರು ಮಾಡುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಿ12, ಫೆರಿಟಿನ್, ಹಿಮೋಗ್ಲೋಬಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಮೊದಲ ವರದಿಯನ್ನು ಜೋಪಾನವಾಗಿಡಿ. ಕೊರತೆ ಮೊದಲೇ ಇತ್ತೇ, ಊಟ ಬದಲಿಸಿದ ಮೇಲೆ ಬಂತೇ ಎಂದು ವೈದ್ಯರು ಕೇಳಿದಾಗ ಉತ್ತರ ಸಿಗುವುದು ಅದರಿಂದ ಮಾತ್ರ.